ಹೊರಗೆ ತೆರೆಯುವ ಬಾಗಿಲು

ಇದನ್ನು ಬರೆಯುವುದನ್ನು ಬಹಳ ಕಾಲ ಮುಂದೂಡಿದೆ. ಮೊದಲು ಹೆಂಡತಿಯ ಸೊಂಟ ವಾಸಿಯಾಗಲಿ ಅಂದುಕೊಂಡೆ, ಆಮೇಲೆ ಚಳಿ ಕಳೆಯಲಿ ಅಂದುಕೊಂಡೆ. ನೆಪಗಳಿಗೆ ನನ್ನ ಬಳಿ ಎಂದೂ ಬರವಿಲ್ಲ.

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ನಮ್ಮ ಮನೆಯಲ್ಲಿ ಮೆಟ್ಟಿಲು ಹತ್ತಿದರೆ ಬಾತ್‌ರೂಮು, ಅದರ ಬಾಗಿಲಿಗೆ ಎದುರಾಗಿ ಗೋಡೆಯಲ್ಲಿ ದೇವರ ಗೂಡು. ಪೂರ್ವಕ್ಕೆ ಮುಖ ಮಾಡಿ ಲಿಂಗ ಕೂರಿಸಲು ಬೇರೆ ಗೋಡೆ ಸಿಗಲಿಲ್ಲ. ಗೂಡು ಮಾಡಿದವನು ನಾನೇ. ಓದಿದ್ದು ಎಸ್ಸೆಸ್ಸೆಲ್ಸಿ, ನರ್ಸ್ ಕೆಲಸಕ್ಕೆ ಬಂದ ಹೆಂಡತಿಯ ಹಿಂದೆ ಈ ದೇಶಕ್ಕೆ ಬಂದು, ಔಷಧದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದೆ. ಉಳಿ, ಸ್ಕ್ರೂ, ಕದ ತಿರುಗುವ ಬಿಜಾಗರಿ ನನಗೆ ಹೊಸತಲ್ಲ.

ಇಬ್ಬರಿಗೂ ನಿವೃತ್ತಿಯಾದ ಮೇಲೆ ಹೆಂಡತಿ ಹೇಳಿದಳು: "ಈ ಬಾಗಲಾ ಒಳಗ ತೆರೀತದ. ಯಾರರ ಒಳಗ ಬಿದ್ರ ಅವರ ಮೈನ ಅಡ್ಡ ಬರ್ತದ. ವಾರ್ಡಿನ್ಯಾಗ ನೋಡೇನಿ. ಹೊರಗ ತೆರೆಯೂ ಹಂಗ ಮಾಡ್ರಿ."

"ಈ ಬಿಜಾಗರಿ ಆ ಕಡೆ ಕೂಡಂಗಿಲ್ಲ," ಅಂದೆ.

ಸುಳ್ಳು. ಬಿಚ್ಚಿ ಚೌಕಟ್ಟಿನ ಹೊರ ಅಂಚಿಗೆ ಕೂರಿಸಿದರೆ ಆಗುವ ಕೆಲಸ. ಆದರೆ ಹೊರಗೆ ತೆರೆದರೆ ಪಾಯಖಾನೆಯ ಕದ ಪ್ರತಿ ಸಲ ಲಿಂಗದ ಮುಖದ ಮುಂದೆ ಬೀಸುತ್ತದೆ. ಶಿವರಾತ್ರಿ ಪೂಜೆಗೆ ಬರುವ ನಮ್ಮ ಕಡೆಯವರು ಏನಂದಾರು? ಮನಸ್ಸಿಗೆ ದೇವರ ನೆಪ ಹೇಳಿಕೊಂಡೆ. ಹೆದರಿದ್ದು ಜನರಿಗೆ.

ಒಂದು ಬೆಳಿಗ್ಗೆ ಒಳಗೆ ಧಡಕ್ಕೆಂದಿತು. ಓಡಿಹೋಗಿ ಬಾಗಿಲು ತಳ್ಳಿದೆ. ಬೆರಳು ತೂರುವಷ್ಟು ತೆರೆದು ನಿಂತಿತು.

"ತಳ್ಳಬ್ಯಾಡ್ರಿ, ಕಾಲಿಗೆ ಬಡೀತದ!"

ಬಿಜಾಗರಿಗಳು ಒಳಗಿದ್ದವು, ಅವಳ ಜೊತೆ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ತಿರುಗಿಸಲು ಸ್ಕ್ರೂ ಇರಲಿಲ್ಲ. ಫೈರ್ ಬ್ರಿಗೇಡಿನವರು ಬರುವ ತನಕ ನೆಲದ ಮೇಲೆ ಕೂತು ಆ ಸಂದಿಯಲ್ಲಿ ಅವಳೊಂದಿಗೆ ಮಾತಾಡಿದೆ. ಆ ನೋವಿನಲ್ಲೂ ಅವಳು, "ನಿಮ್ಮ ದೇವರು ಎದುರಿಗೇ ಕುಂತಾನಲ್ಲ, ಅವಂಗರ ತೆಗೀಲಿಕ್ಕೆ ಹೇಳ್ರಿ," ಅಂದಳು. ಬ್ರಿಗೇಡಿನವರು ಬಂದು ಕದ ಕೊಯ್ದು ಅವಳನ್ನು ಎತ್ತಿದರು. ಸೊಂಟದ ಮೂಳೆ ಮುರಿದಿತ್ತು.

ಅವಳನ್ನು ಮನೆಗೆ ಕಳಿಸುವ ಮೊದಲು ಆಸ್ಪತ್ರೆಯಿಂದ ಒಬ್ಬ ಹೆಂಗಸು ಮನೆ ನೋಡಲು ಬಂದಳು. ಬಾಗಿಲು ಹೊರಗೆ ತೆರೆಯದಿದ್ದರೆ ಇಲ್ಲಿಗೆ ಕಳಿಸುವುದಿಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ಗೆ ಕಳಿಸುತ್ತೇವೆ ಅಂದಳು. ನಾಟಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿರುವ ಮಗಳು ಫೋನಿನಲ್ಲಿ, "ಡ್ಯಾಡ್, ಪ್ಲೀಸ್, ಗೆಟ್ ಸಮ್‌ವನ್ ಇನ್!" ಅಂದಳು.

"ಯಾರೂ ಬರೂದು ಬ್ಯಾಡ. ನನ್ನ ಬಾಗಲಾ ನಾನ ಮಾಡ್ತೀನಿ," ಎಂದು ಫೋನಿಟ್ಟೆ.

ಹೊಸ ಕದ ತಂದೆ. ಚೌಕಟ್ಟಿನ ಹಳೆಯ ಗುಳಿಗಳಿಗೆ ಮರದ ಚಕ್ಕೆ ಅಂಟಿಸಿ ತುಂಬಿದೆ. ಹೊರ ಅಂಚಿನಲ್ಲಿ ಉಳಿಯಿಂದ ಹೊಸ ಗುಳಿ ಕೆತ್ತಿದೆ. ಉಳಿ ಜಾರಿ ಒಂದು ಕಡೆ ಆಳ ಜಾಸ್ತಿಯಾಯಿತು; ಬಿಜಾಗರಿಯ ಹಿಂದೆ ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು ಕತ್ತರಿಸಿ ಇಟ್ಟೆ. ಕದ ಜೋತುಬಿದ್ದು ನೆಲಕ್ಕೆ ಉಜ್ಜಿತು. ಮೇಲಿನ ಸ್ಕ್ರೂ ಬಿಚ್ಚಿ ಇನ್ನೂ ಉದ್ದದ್ದು ಹಾಕಿದೆ.

ಆಗಲೇ ನಮ್ಮ ಕಡೆಯ ಹಿರಿಯರೊಬ್ಬರು ರೊಟ್ಟಿ ಪಲ್ಯ ಹಿಡಿದುಕೊಂಡು ಮೇಲೆ ಬಂದರು. ಕದವನ್ನು ನೋಡಿದರು, ಗೂಡನ್ನು ನೋಡಿದರು.

"ಏನ್ರೀ ಯಜಮಾನ್ರ, ಪಾಯಖಾನಿ ಬಾಗಲಾ ದೇವರ ಮಾರಿಗೇ?"

"ಹೌದ್ರಿ. ನೋಡೂದು ಆಗ್ಲಿಲ್ಲಂದ್ರ ದೇವರು ಕಣ್ಣು ಮುಚ್ಚಿಕೊಳ್ಳಲಿ. ನೀವೂ ಮುಚ್ಚಿಕೊಳ್ರಿ."

ರೊಟ್ಟಿಯ ಡಬ್ಬಿ ಕೆಳಗಿಟ್ಟು ಇಳಿದು ಹೋದರು. ರೊಟ್ಟಿ ಚೆನ್ನಾಗಿತ್ತು. ಆ ವರ್ಷದ ಶಿವರಾತ್ರಿಗೆ ಅವರು ಬರಲಿಲ್ಲ. ಬರದಿದ್ದರೆ ಬೇಡ. ಗೂಡು ಇದ್ದಲ್ಲೇ ಇದೆ, ಬಾಗಿಲೂ ಹಾಗೇ ಇದೆ; ಎರಡನ್ನೂ ನಾನು ಅಲುಗಿಸುವುದಿಲ್ಲ.

ಅವಳು ಮನೆಗೆ ಬಂದಳು. ವಾಕರ್ ಹಿಡಿದು ಬಾತ್‌ರೂಮಿಗೆ ಹೋದಳು. ಒಳಗಿನಿಂದ ಅವಳು ಒಂದು ಬೆರಳಲ್ಲಿ ತಳ್ಳಿದ್ದಕ್ಕೇ ಬಾಗಿಲು ಸದ್ದಿಲ್ಲದೆ ತೆರೆಯಿತು. ಅಲ್ಲೇ ನಿಂತು ಬಿಜಾಗರಿಯ ಮೇಲೆ ಕೈಯಾಡಿಸಿದಳು.

"ಆ ಕಡೆ ಕೂಡಂಗಿಲ್ಲ ಅಂದಿದ್ರಿ?"

"ಇವು ಬ್ಯಾರೆ ನಮೂನಿ," ಅಂದೆ.

ಮತ್ತೆ ಸುಳ್ಳು. ಅದೇ ನಮೂನೆ, ಅದೇ ಅಳತೆ. ಅವಳು ನನ್ನ ಮುಖ ನೋಡಿದಳು, ವಾಕರ್ ತಿರುಗಿಸಿಕೊಂಡು ಕೋಣೆಗೆ ಹೋದಳು.

ಬಾಗಿಲ ಕೆಲಸದ ಗದ್ದಲಕ್ಕಾಗಿ ಪಕ್ಕದ ಮನೆಯವರಲ್ಲಿ ಸಾರಿ ಕೇಳಿದೆ. ಫೋನಿಟ್ಟಿದ್ದಕ್ಕೆ ಮಗಳಲ್ಲಿ ಕೇಳಿದೆ. ದೇವರಲ್ಲಿ ಕೇಳಿಲ್ಲ, ಕೇಳುವುದೂ ಇಲ್ಲ. ಅವನಿಗೆ ನಾನೇನೂ ಮಾಡಿಲ್ಲ. ತಪ್ಪಾಯ್ತು ಎಂಬ ಮಾತು ಸಲ್ಲಬೇಕಾದದ್ದು, ಇವತ್ತಿನವರೆಗೂ ನನ್ನ ಬಾಯಿಂದ ಸಲ್ಲದೇ ಇರುವುದು, ಆ ಬಾಗಿಲ ಹಿಂದೆ ಬಿದ್ದಿದ್ದವಳಿಗೆ, ನನ್ನ ಹೆಂಡತಿಗೆ.