ಬೇರೆ ಕಾರಿನ ಇಂಜಿನ್

ನಮ್ಮ ಮನೆಯ ಎದುರಿಗೆ ಬೈಕ್ ರಿಪೇರಿ ಅಂಗಡಿಯೊಂದು ಶುರುವಾಗಿದೆ. ಹೋದ ವಾರ ಬೆಳಿಗ್ಗೆ ಅಲ್ಲಿ ಯಾರೋ ಬಿಚ್ಚಿದ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದರು. ಗಾಳಿ ನಮ್ಮ ಜಗಲಿಯ ಕಡೆ ತಿರುಗಿತು. ಸೀಮೆಎಣ್ಣೆ, ಗ್ರೀಸು, ಬಿಸಿಲಿಗೆ ಕಾದ ಕಬ್ಬಿಣ... ಕೈಯಲ್ಲಿದ್ದ ಪೇಪರ್ ಮಡಿಚಿಟ್ಟೆ. ನಲವತ್ತು ವರ್ಷಗಳ ಹಿಂದೆ ಯಳಂದೂರಿನ ತಗಡಿನ ಶೆಡ್ಡೊಂದರಲ್ಲಿ ಇದೇ ವಾಸನೆಯ ನಡುವೆ ನಿಂತು ನಾನು ಒಬ್ಬ ಮನುಷ್ಯನ ಮೇಲೆ ಕೂಗಾಡಿದ್ದೆ. ತಪ್ಪು ನನ್ನದಾಗಿತ್ತು.

ಆ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದ ಅವರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ವ್ಯಾಪಾರ. ಅಪ್ಪನ ಹತ್ತಿರ ಹಳೆಯ ವಿಲಾಯತಿ ಕಾರೊಂದಿತ್ತು. ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ದೇಶ ಬಿಡುವಾಗ ಕೊಟ್ಟುಹೋದದ್ದು. ಅದರ ಬಾನೆಟ್ ಎತ್ತುವ ಅಧಿಕಾರ ಮೇಸ್ತ್ರಿಗೆ ಮಾತ್ರ. ಯಾವ ಸಾಮಾನು ಬದಲಿಸಿದರೂ ಅವರು ಹಳೆಯದನ್ನು ಅಪ್ಪನ ಅಂಗೈಗೆ ಹಾಕಿ, “ಇದು ಓಯ್ತು, ಇದು ಬಂತು. ನೋಡ್ಕಳಿ ಬುದ್ದಿ,” ಎನ್ನುತ್ತಿದ್ದರು. ತೋರಿಸದೆ ಒಂದು ನಟ್ಟನ್ನೂ ಹಾಕಿದವರಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ತಂಗಿಯನ್ನು ಮಾರ್ಟಳ್ಳಿ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ನಾನೂ ಮೇಸ್ತ್ರಿಯೂ ಹೋದ ದಿನವೇ, ದಿನ ತುಂಬುವ ಮೊದಲೇ, ಅವಳಿಗೆ ನೋವು ಶುರುವಾಯಿತು. ಹಿಂದಿನ ಸೀಟಿನಲ್ಲಿ ಅವಳನ್ನು ಅವಳ ಅತ್ತೆಯ ತೊಡೆಯ ಮೇಲೆ ಮಲಗಿಸಿಕೊಂಡು ಹೊರಟೆವು. ಹನೂರು ದಾಟಿತು. ಕೊಳ್ಳೇಗಾಲ ಇನ್ನು ಮೂರು ಮೈಲಿ ಇದೆ ಎನ್ನುವಾಗ ರೇಡಿಯೇಟರಿನ ಪೈಪು ಸೀಳಿ, ನೀರೆಲ್ಲ ಆವಿಯಾಗಿ ಬುಸುಗುಟ್ಟಿತು. ನೆತ್ತಿಯ ಮೇಲೆ ಬಿಸಿಲು. ಸುತ್ತ ಒಂದು ಬಾವಿಯೂ ಕಾಣಲಿಲ್ಲ.

“ನಿಲ್ಸುದ್ರೆ ಇಂಜಿನ್ ಉಳೀತದೆ. ಓಡ್ಸುದ್ರೆ ಸಾಯ್ತದೆ,” ಎಂದರು ಮೇಸ್ತ್ರಿ. ನನ್ನ ಉತ್ತರಕ್ಕೆ ಕಾಯದೆ ಗೇರು ಹಾಕಿದರು.

ಆ ಮೂರು ಮೈಲಿ ನನಗೆ ಇಂದಿಗೂ ಮುಗಿದಿಲ್ಲ. ಸುಟ್ಟ ಎಣ್ಣೆಯ ಹೊಗೆ, ತಂಗಿಯ ಚೀರಾಟ, ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು... ಆಸ್ಪತ್ರೆಯ ಗೇಟಿನೊಳಗೆ ಬಂದು ಕಾರು ಗಕ್ಕನೆ ನಿಂತಿತು. ತಂಗಿ ಉಳಿದಳು, ಮಗು ಉಳಿಯಿತು. ಇಂಜಿನ್ ಮಾತ್ರ ಅಡ್ಡಡ್ಡ ಸೀಳಿಹೋಗಿತ್ತು. ಮೇಸ್ತ್ರಿ ಮೈಸೂರಿನ ಗುಜರಿಯೆಲ್ಲ ಜಾಲಾಡಿ, ಅದೇ ಜಾತಿಯ ಇನ್ನೊಂದು ಕಾರಿನ ಇಂಜಿನ್ ತಂದು ಕೂರಿಸಿದರು.

ಎಪ್ಪತ್ತರ ದಶಕದ ನಡುವೆ ಅಪ್ಪ ತೀರಿಕೊಂಡ ಮೇಲೆ, ಹಳೆಯ ಕಾರುಗಳನ್ನು ಕೂಡಿಡುವ ಶೋಕಿಯ ಬೆಂಗಳೂರಿನ ಸಾಹೇಬರೊಬ್ಬರು ನಮ್ಮ ಕಾರನ್ನು ಕೇಳಿದರು. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿಕೊಡಬೇಕು ಎಂದರು. ಮೇಸ್ತ್ರಿ ಖುಷಿಯಿಂದಲೇ ಒಪ್ಪಿದರು. ಬಾಗಿಲ ಸಂದಿಯಲ್ಲಿ ಕೆರೆದು ಮೊದಲಿನ ಬಣ್ಣ ಕಂಡುಹಿಡಿದರು. ತಾವೇ ಹಿಂದೊಮ್ಮೆ ಹಾಕಿದ್ದ ಲಾರಿಯ ದೀಪಗಳನ್ನು ಕಿತ್ತು, ಊಟಿಯವರೆಗೆ ಹೋಗಿ ಸರಿಯಾದವನ್ನು ತಂದರು. ಹೆಚ್ಚುಕಡಿಮೆ ಎಂಟು ತಿಂಗಳ ಕೆಲಸ.

ಶೆಡ್ಡಿಗೆ ನೋಡಲು ಬಂದ ಸಾಹೇಬರು ಬಾನೆಟ್ ಒಳಗಿನ ಕಾರ್ಖಾನೆಯ ಹಿತ್ತಾಳೆ ಫಲಕದಲ್ಲಿದ್ದ ಇಂಜಿನ್ ನಂಬರ್ ಓದಿದರು, ಇಂಜಿನ್ನಿನ ಮೈಮೇಲಿನ ನಂಬರ್ ಓದಿದರು. ಎರಡೂ ಬೇರೆ.

“ಇದನ್ನ ಉಜ್ಜಿ ಅಳಿಸಿ, ಫಲಕದ ನಂಬರನ್ನೇ ಪಂಚ್ ಮಾಡಿಬಿಡಿ. ಒರಿಜಿನಲ್ ಅಂದ್ರೇನೇ ಪ್ರದರ್ಶನದಲ್ಲಿ ಬೆಲೆ.”

“ಬಣ್ಣ ಹೊಡ್ದಿವ್ನಿ, ದೀಪ ಹಾಕಿವ್ನಿ. ಇದು ಆಗಲ್ಲ ಸಾ.”

“ಅವೆಲ್ಲ ಹೊಸದಾಗಿ ಮಾಡಿದ್ದಲ್ವೇ? ಇದೂ ಹಾಗೇ.”

“ಅವು ಓಸ್ದು ಅಂತ ನಾನೇ ಏಳ್ತೀನಿ ಸಾ. ಇದು ಸತ್ತೋನ ಎಸ್ರ ಬದ್ಕಿರೋನ್ಗೆ ಇಡೋದು.”

ನಾನು ನಡುವೆ ಬಾಯಿ ಹಾಕಿದೆ. “ಯಾರಿಗೆ ಗೊತ್ತಾಗ್ತದೆ ಮೇಸ್ತ್ರಿ? ಮಾಡಿಬಿಡು.”

ಮೇಸ್ತ್ರಿ ಉಳಿ, ಸುತ್ತಿಗೆ ತೆಗೆದುಕೊಂಡರು. ಒಪ್ಪಿದರು ಎಂದುಕೊಂಡೆ. ಬಾಗಿ, ನಂಬರಿನ ಪಕ್ಕದಲ್ಲಿ, ಒಂದೊಂದೇ ಕನ್ನಡ ಅಕ್ಷರ ಕಡೆಯತೊಡಗಿದರು. ಸಾಹೇಬರಿಗೆ ಅರ್ಥವಾಗುವ ಹೊತ್ತಿಗೆ ಮುಗಿದಿತ್ತು: ‘ಬೇರೆ ಕಾರಿನ ಇಂಜಿನ್’.

ಸಾಹೇಬರು ಕಾರು ಕೊಳ್ಳದೆ ಹೊರಟುಹೋದರು. ನಾನು ಕಿರುಚಿದೆ. “ಅದು ನನ್ನ ಕಾರು ಕಣಯ್ಯಾ! ನಿಂಗ್ಯಾರು ಅಧಿಕಾರ ಕೊಟ್ಟೋರು?”

“ಕಾರು ನಿಮ್ದೇ ಬುದ್ದಿ. ಕೆಲ್ಸ ನಂದು.” ದನಿ ಏರಲಿಲ್ಲ, ತಲೆಯೂ ತಗ್ಗಲಿಲ್ಲ.

ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ತಂಗಿ ಬಂದಾಗ ಎಲ್ಲವನ್ನೂ ಹೇಳಿ, ಅವಳೂ ಬೈಯಲಿ ಎಂದು ಕಾದೆ. ಅವಳು ಕೇಳಿದ್ದು ಒಂದೇ. “ಹಳೇ ಇಂಜಿನ್ ಯಾಕೆ ಹೋಯ್ತು ಅಂತ ಆ ಸಾಹೇಬ್ರಿಗೆ ಹೇಳುದ್ಯಾ ಅಣ್ಣ?”

ಹೇಳಿರಲಿಲ್ಲ. ಆ ದಿನ ಅದು ನನ್ನ ನೆನಪಿಗೂ ಬಂದಿರಲಿಲ್ಲ...

ಮರುದಿನ ಯಳಂದೂರಿಗೆ ಹೋದೆ. ಕ್ಷಮೆ ಕೇಳಲಿಲ್ಲ. “ಕಾರು ಮಾರಲ್ಲ ಮೇಸ್ತ್ರಿ,” ಎಂದೆ.

“ಮಾರಿ ಬುದ್ದಿ, ಯಾರು ಬ್ಯಾಡಾ ಅಂದೋರು? ಸುಳ್ ಏಳ್ದೆ ಮಾರಿ,” ಎಂದು ಕೈ ಒರೆಸಿಕೊಂಡು ಕೀಲಿ ಕೊಟ್ಟರು.

ಸಾಹೇಬರು ಸುಮ್ಮನಿರಲಿಲ್ಲ; ಹೇಳಿದ ಮಾತು ಕೇಳದ ಮೇಸ್ತ್ರಿಯೆಂದು ತಮ್ಮ ಗೆಳೆಯರಲ್ಲೆಲ್ಲ ಸಾರಿದರು. ಮೈಸೂರಿನ ದೊಡ್ಡವರ ಕಾರುಗಳು ಆ ಶೆಡ್ಡಿಗೆ ಬರುವುದು ನಿಂತಿತು. ಮೇಸ್ತ್ರಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿಗಿಳಿದರು. ಒಮ್ಮೆಯೂ ಹಲುಬಿದ್ದನ್ನು ನಾನು ಕೇಳಲಿಲ್ಲ. ಆಮೇಲೆ ಶೆಡ್ಡು ಮುಚ್ಚಿ ಮಗಳ ಊರಿಗೆ ಹೋದರಂತೆ. ಯಾವ ಊರೆಂದು ನಾನು ವಿಚಾರಿಸಲಿಲ್ಲ. ತೀರಿಕೊಂಡ ಸುದ್ದಿ ತಲುಪಿದಾಗ ಒಂದು ವರ್ಷ ಕಳೆದಿತ್ತು.

ಕಾರು ಈಗ ಆ ದಿನ ಹುಟ್ಟಿದ ತಂಗಿಯ ಮಗನದು. ನಿನ್ನೆ ಅವನು ಹಳೆಯ ಕಾರುಗಳ ಪ್ರದರ್ಶನದ ಅರ್ಜಿ ಹಿಡಿದು ಬಂದಿದ್ದ. “ಮಾವ, ಇಂಜಿನ್ ಒರಿಜಿನಲ್ಲಾ ಅಂತ ಕೇಳವ್ರೆ. ಏನು ಬರೀಲಿ?”

“ಅಲ್ಲ ಅಂತ ಬರಿ. ದಪ್ಪಕ್ಷರದಲ್ಲಿ ಬರಿ.”

“ಬಹುಮಾನ ಬರಲ್ಲ ಮಾವ.”

“ಬರದಿದ್ರೆ ಹೋಗ್ಲಿ. ನೀನು ಬಂದ್ಯಲ್ಲ.”

ಕಾರನ್ನು ಸಿದ್ಧಪಡಿಸಿದವರು ಯಾರು ಎಂದು ಕೆಳಗೊಂದು ಸಾಲಿತ್ತು. ಪೆನ್ನು ಇಸಿದುಕೊಂಡು ಮೇಸ್ತ್ರಿಯ ಹೆಸರನ್ನು, ಅವರಪ್ಪನ ಹೆಸರು ಸಮೇತ, ಪೂರ್ತಿ ಬರೆದೆ. ಅದರ ಮುಂದೆ ವಿಳಾಸ ಕೇಳಿದ್ದರು. ಅದನ್ನು ಖಾಲಿ ಬಿಟ್ಟೆ...