ಸುರಂಗದೊಳಗೆ ಕೇಳಿದ ನಮ್ಮೂರ ಮಾತು

ದೆವ್ವ, ಆತ್ಮ ಎಂದು ಯಾರಾದರೂ ಬಾಯಿ ತೆರೆದರೆ "ಸಾಕ್ಷಿ ಎಲ್ಲಿ?" ಎಂದು ಮೇಲೆ ಬೀಳುತ್ತಿದ್ದವಳು ನಾನು. ಕುಂದಾಪುರದಲ್ಲಿ ಡಿಗ್ರಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೂ ವಿರೋಧ ಕೊಟ್ಟರೂ ವಾದಿಸಿ ಬಹುಮಾನದ ಕಪ್ ತರುತ್ತಿದ್ದೆ. ಇವತ್ತಿಗೂ ನಾನು ದೆವ್ವವನ್ನು ನಂಬುವುದಿಲ್ಲ. ಆದ್ದರಿಂದಲೇ ಇದನ್ನು ಬರೆಯುವುದು ಕಷ್ಟವಾಗುತ್ತಿದೆ.

ನಮ್ಮದು ಕುಂದಾಪುರ ಸೀಮೆಯಲ್ಲೇ, ಶಂಕರನಾರಾಯಣದ ಹತ್ತಿರದ ಊರು. ನಾನು ಹುಟ್ಟುವ ಮೊದಲು ಅಪ್ಪಯ್ಯನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಸಣ್ಣ ಪ್ರಾಯದಲ್ಲೇ ಘಟ್ಟದ ಮೇಲಿನ ಒಂದು ತಾಮ್ರದ ಗಣಿಯ ಕ್ಯಾಂಟೀನಿಗೆ ಸೇರಿದ್ದರು. ನಮ್ಮ ಕಡೆಯವರೇ ನಡೆಸುತ್ತಿದ್ದ ಕ್ಯಾಂಟೀನು. ಸುರಂಗದೊಳಗಿನ ಕೆಲಸಗಾರರಿಗೆ ಕ್ಯಾನಿನಲ್ಲಿ ಚಹಾ ಹೊತ್ತೊಯ್ಯುವುದು ಚಿಕ್ಕಪ್ಪನ ಕೆಲಸ. ಒಂದು ದಿನ ಹಾಗೆ ಹೋದವರು ಹಿಂದಿರುಗಿದ್ದನ್ನು ಯಾರೂ ಕಾಣಲಿಲ್ಲ. ಒಳಗೆಲ್ಲ ಹುಡುಕಿದರು, ಶವ ಸಿಗಲಿಲ್ಲ. ಆದರೆ ಕೋಣೆಯಲ್ಲಿದ್ದ ಅವರ ಟ್ರಂಕೂ ಇರಲಿಲ್ಲ.

"ಅಂವ ಬೊಂಬಾಯಂಗೆ ಎಲ್ಲಾರೂ ಹೋಟ್ಲ್ ಗಲ್ಲೆ ಮೇಲ್ ಕೂಕಂಡಿಪ್ಪ," ಓಡಿಹೋಗಿ ಎಲ್ಲೋ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾನೆ ಎನ್ನುವುದು ಅಪ್ಪಯ್ಯನ ವಾದ. ಅಜ್ಜಿ ವಾದಿಸುತ್ತಿರಲಿಲ್ಲ. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಬಂದಾಗ ಮಾತ್ರ ಅವರ ಸಂಕಟ ಶುರುವಾಗುತ್ತಿತ್ತು. ಬದುಕಿರುವ ಮಗನಿಗೆ ಸತ್ತವರ ಸಾಲಿನಲ್ಲಿ ಎಲೆ ಹಾಕಿದರೆ ಕೇಡು. ಸತ್ತ ಮಗನನ್ನು ಬಿಟ್ಟು ಬಡಿಸಿದರೆ ಅವನು ಹಸಿದುಕೊಂಡೇ ಇರುತ್ತಾನೆ. ಪ್ರತಿ ವರ್ಷ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನಿಂತು, ಕೊನೆಗೆ ಮಡಚಿ ಆಚೆ ಇಡುತ್ತಿದ್ದರು.

ಎಂದೋ ಮುಚ್ಚಿದ್ದ ಆ ಗಣಿಯನ್ನು ಸ್ಮಾರಕದಂತೆ ಉಳಿಸಿ ಜನರಿಗೆ ತೋರಿಸುತ್ತಿದ್ದಾರೆಂದು ತಿಳಿದಾಗ ಅಜ್ಜಿ ನನ್ನನ್ನು ಕರೆದರು.

"ಮಾತಂಗೇ ಕಪ್ ತಪ್ಪವ್ಳ್ ಅಲ್ದಾ ನೀ? ಅಪ್ಪಯ್ಯನೊಟ್ಟಿಗೆ ಹೋಯಿ ಕಂಡ್ಕಂಡ್ ಬಾ ಹೆಣೆ. ಎಲೆ ಹಾಕುದೋ ಬಿಡುದೋ, ನೀ ಹೇಳ್ದಂಗೇ ಆಯ್ಲಿ."

"ಖಾಲಿ ಸುರಂಗ ಎಂತ ಹೇಳತ್ತ್ ಅಜ್ಜಿ?"

"ನಿನ್ನೆದ್ರ್ ಯಾರ್ ಸುಮ್ನಿಪ್ಪುಕ್ ಆತ್ತ್?" ಎಂದು ನಕ್ಕರು.

ಗಣಿಯೊಳಗೆ ದೀಪ ಹಾಕಿದ್ದರು, ಬದಿಗೆ ಕಂಬಿ ಕಟ್ಟಿದ್ದರು. ಬಂಡೆಯ ಮೇಲೆ ತಾಮ್ರದ ಹಸಿರು ಕಲೆಗಳು, ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ನೋಡಲು ಬಂದವರ ಗುಂಪಿನಲ್ಲಿ ಅಪ್ಪಯ್ಯನನ್ನೂ ನನ್ನನ್ನೂ ಬಿಟ್ಟರೆ ಉಳಿದವರೆಲ್ಲ ಬಯಲುಸೀಮೆಯವರು, ನಮ್ಮ ಕಡೆಯ ಮಾತು ಬಾರದವರು. ಒಂದು ಕಡೆ ದಾರಿ ಕಿರಿದಾದಲ್ಲಿ, ತೋರಿಸುತ್ತಿದ್ದವನು ನಮ್ಮನ್ನೆಲ್ಲ ನಿಲ್ಲಿಸಿ, ಹಿಂದಿನವರು ಎಂಥ ಕತ್ತಲೆಯಲ್ಲಿ ದುಡಿಯುತ್ತಿದ್ದರು ನೋಡಿ ಎಂದು ದೀಪ ಆರಿಸಿದ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದಂಥ ಕತ್ತಲೆ. ಯಾರೂ ಮಾತಾಡಲಿಲ್ಲ.

ಆಗ ನನ್ನ ಬೆನ್ನ ಹಿಂದೆಯೇ ಒಬ್ಬರು, "ಹ್ವಾಯ್, ಬದಿಗ್ ನಿಲ್ಲಿ, ಚಾ ಬಿಸಿ ಇತ್ತ್," ಅಂದರು.

ನಮ್ಮೂರ ಹೋಟೆಲಿನಲ್ಲಿ ಕೇಳಿದಷ್ಟು ಸಹಜವಾಗಿತ್ತು. ನಾನು ಯೋಚಿಸದೆ ಬದಿಗೆ ಸರಿದೆ. ಮೊಣಕೈಯನ್ನು ಬಿಸಿಯಾದದ್ದೇನೋ ಸವರಿಕೊಂಡು ಮುಂದೆ ಹೋಯಿತು. ದೀಪ ಹತ್ತಿದಾಗ ಎಲ್ಲರೂ ನಿಂತಲ್ಲೇ ನಿಂತಿದ್ದರು. ಬಂಡೆಗೆ ಬೆನ್ನು ಒತ್ತಿ ದಾರಿ ಬಿಟ್ಟು ನಿಂತವಳು ನಾನೊಬ್ಬಳೇ. ಅಪ್ಪಯ್ಯ ಗುಂಪಿನ ಮುಂದಿದ್ದರು.

"ನೀವ್ ಈಗ ಎಂತಾರೂ ಹೇಳ್ದ್ರ್ಯಾ?" ಎಂದು ಕೇಳಿದೆ.

"ನಾ ಎಂತದೂ ಹೇಳ್ಲಿಲ್ಲೆ," ಅಂದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಪ್ರತಿಧ್ವನಿ ಅನ್ನೋಣವೆಂದರೆ ಮೊದಲು ಯಾರಾದರೂ ಮಾತಾಡಿರಬೇಕಲ್ಲ. ನನ್ನ ಮನಸ್ಸೇ ಕಟ್ಟಿದ್ದು ಎನ್ನಬಹುದು, ಅದೇ ಒಳ್ಳೆಯ ವಾದ. ಆದರೆ ಆ ಬಿಸಿ? ಬಸ್ಸಿನಲ್ಲಿ ಘಟ್ಟ ಇಳಿಯುವವರೆಗೂ ನನ್ನ ಜೊತೆ ನಾನೇ ವಾದ ಮಾಡಿ ಸೋತೆ.

ಮನೆಗೆ ಬಂದು ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದೂ ಸೇರಿಸಿದೆ. ಅವರು ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

"ದನಿ ಸಣ್ಣ್ ಪ್ರಾಯದ್ದಾ, ಮುದ್ಕಂದಾ?"

ಆವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬದುಕಿದ್ದರೆ ಚಿಕ್ಕಪ್ಪನಿಗೆ ಅಷ್ಟರಲ್ಲಿ ತಲೆ ನೆರೆತಿರಬೇಕು. ನಾನು ಕೇಳಿದ್ದು ನನ್ನ ಕಾಲೇಜಿನ ಹುಡುಗರದ್ದರ ಹಾಗಿನ ದನಿ.

"ಸಣ್ಣ್ ಪ್ರಾಯದ್ದ್," ಅಂದೆ.

ಅಜ್ಜಿ ತಲೆಯಾಡಿಸಿ ಒಳಗೆ ಹೋದರು. ಆ ವರ್ಷ ಚಿಕ್ಕಪ್ಪನಿಗೂ ಎಲೆ ಹಾಕಿದರು. ಅಪ್ಪಯ್ಯ ತಡೆಯಲಿಲ್ಲ, ಬಡಿಸಲೂ ಇಲ್ಲ.

ಈಗ ಅಜ್ಜಿ ಇಲ್ಲ. ಅವರ ಎಲೆಯ ಪಕ್ಕದಲ್ಲೇ ಚಿಕ್ಕಪ್ಪನ ಎಲೆ. ಕತ್ತಲೆಯಲ್ಲಿ ಕೇಳಿದ ಒಂದು ದನಿಯನ್ನು ನಂಬಿ ನಾನು ಆಡಿದ ಮಾತಿನ ಮೇಲೆ ಒಬ್ಬ ಮನುಷ್ಯ ಸತ್ತವನಾದ. ಬೊಂಬಾಯಿಯ ಬಸ್ಸು ನಮ್ಮ ದಾರಿಯಲ್ಲಿ ನಿಂತು ಯಾರಾದರೂ ಮುದುಕರು ಇಳಿದರೆ, ನಾನು ಈಗಲೂ ಅವರ ಮುಖ ನೋಡುತ್ತೇನೆ.