ಎಡಗೈಯ ಆಟ

ಗರಾಜಿನಲ್ಲಿ ಹೀಟರ್ ಹುಡುಕಲು ಹೋದವನ ಮೂಗಿಗೆ ಹಳೆಯ ಪೌಡರಿನ ವಾಸನೆ ಬಡಿಯಿತು. ನೋಡಿದರೆ ಶೇಷಾದ್ರಿಗಳ ಕೇರಂ ಬೋರ್ಡು, ಗೋಡೆಗೆ ಮುಖ ಮಾಡಿ ನಿಂತಿದೆ. ನಿಮಗೂ ಹೀಗಾಗುತ್ತದಲ್ಲವೇ? ಹುಡುಕಿದ್ದು ಸಿಗುವುದಿಲ್ಲ, ಸಿಕ್ಕಿದ್ದು ಸುಮ್ಮನೆ ಬಿಡುವುದಿಲ್ಲ.

ಶೇಷಾದ್ರಿಗಳು ಮೈಸೂರಿನವರು. ಇಲ್ಲಿ ಪರದೇಶದಲ್ಲಿ ಎಂಜಿನಿಯರಾಗಿ ವಿಮಾನದ ರೆಕ್ಕೆಗಳ ಲೆಕ್ಕ ಹಾಕಿ ರಿಟೈರ್ ಆಗಿ ಟೋಟೆಮ್ ಲೇಕ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದರು. ಓವರ್‌ಲೇಕಿನ ಆಫೀಸಿನಲ್ಲಿ ವಾರವಿಡೀ ಬುದ್ಧಿವಂತನಂತೆ ನಟಿಸಿ ಸುಸ್ತಾದ ನಾನು ಭಾನುವಾರ ಅವರಲ್ಲಿಗೆ ಹೋಗಿ ಕೇರಂನಲ್ಲಿ ಸೋತು ಬರುತ್ತಿದ್ದೆ. ಆಟ ಸಮ ಆಗಲಿ ಎಂದು ಅವರು ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಲ್ಲಿ ಆಡತೊಡಗಿದರು. ಆಮೇಲೂ ಸೋಲುತ್ತಿದ್ದೆ, ಸ್ವಲ್ಪ ಮರ್ಯಾದೆಯಿಂದ.

ಒಂದು ಚಳಿಗಾಲ ಅವರಿಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಯಿತು. ಹೆಂಡತಿ ನಳಿನಮ್ಮ ಕಾರಿನ ಕನ್ನಡಿಗೆ ಅಂಗವಿಕಲರಿಗೆಂದು ಕೊಡುವ ಹ್ಯಾಂಡಿಕ್ಯಾಪ್ ಪಾರ್ಕಿಂಗಿನ ನೀಲಿ ಕಾರ್ಡು ತೂಗುಹಾಕಿದರು. ಅದನ್ನು ನೋಡಲಾರದೆ ಶೇಷಾದ್ರಿಗಳು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಸಮಾಧಾನ ಮಾಡಲು ಹೋದ ನಾನು, ಹ್ಯಾಂಡಿಕ್ಯಾಪ್ ಎನ್ನುವುದು ಕೈಯಲ್ಲಿ ಕ್ಯಾಪು, ಅಂದರೆ ಟೋಪಿ, ಹಿಡಿದು ಭಿಕ್ಷೆ ಬೇಡುವುದರಿಂದ ಬಂದ ಪದವಂತೆ, ಈಗ ಯಾರು ಹಾಗೆ ಅಂದುಕೊಳ್ಳುತ್ತಾರೆ ಬಿಡಿ ಎಂದೆ. ನನ್ನ ಸಮಾಧಾನಗಳೇ ಹಾಗೆ.

ಅದು ಕಟ್ಟುಕಥೆ ಎಂದು ಅವರು ತೊದಲುತ್ತ ಹೇಳಿದರು. ಹಿಂದೆ ಇಂಗ್ಲೆಂಡಿನಲ್ಲಿ ಇಬ್ಬರು ವಸ್ತು ಅದಲುಬದಲು ಮಾಡುವಾಗ ಯಾರು ಎಷ್ಟು ಹೆಚ್ಚಿಗೆ ಕೊಡಬೇಕೆಂದು ಮೂರನೆಯವನು ತೀರ್ಮಾನಿಸುತ್ತಿದ್ದನಂತೆ. ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಆ ಇಬ್ಬರೂ ಟೋಪಿಯೊಳಗೆ ಕೈಹಾಕಿ ತೆಗೆದು ತೋರಿಸಬೇಕಿತ್ತಂತೆ; ಅದೇ ‘ಹ್ಯಾಂಡ್ ಇನ್ ಕ್ಯಾಪ್’. ಅಲ್ಲಿಂದ ಆ ಪದ ಕುದುರೆ ರೇಸಿಗೆ ಹೋಯಿತು.

“ಜೋರಾಗಿ ಓಡೋ ಕುದುರೆ ಮೇಲೆ ಭಾರ ಹೇರ್ತಿದ್ರು, ಉಳಿದವಕ್ಕೂ ಗೆಲ್ಲೋ ಅವಕಾಶ ಸಿಗ್ಲಿ ಅಂತ. ಆ ಭಾರಾನೇ ಹ್ಯಾಂಡಿಕ್ಯಾಪ್,” ಎಂದರು.

ಆ ದಿನ ಬೋರ್ಡು ಹಾಕಿದೆವು. ಅವರು ಎಡಗೈ ಎತ್ತಿದರು. ನಾನೂ ಎಡಗೈಯಲ್ಲಿ ಸ್ಟ್ರೈಕರ್ ಹಿಡಿದೆ. ಅವರು ಹುಬ್ಬು ಗಂಟಿಕ್ಕಿದರು.

“ಬಲಗೈಲಿ ಆಡಿ. ಈ ಕೈಯನ್ನ ನಿಮಗೋಸ್ಕರಾನೇ ಪಳಗಿಸಿದ್ದು.”

ಬಲಗೈಯಲ್ಲೇ ಆಡಿ ಸೋತೆ. ಅಷ್ಟು ಖುಷಿಯಿಂದ ನಾನು ಎಂದೂ ಸೋತಿರಲಿಲ್ಲ.

ಎರಡನೆಯ ಸ್ಟ್ರೋಕ್ ಆ ಕೈಯನ್ನೂ ತೆಗೆದುಕೊಂಡಿತು. ಬೇಸಿಗೆಯ ಬಿಸಿಲು ಬರುವ ಮೊದಲೇ ಅವರು ಹೋಗಿಬಿಟ್ಟರು. ಬೋರ್ಡನ್ನು ಮನೆಯಲ್ಲಿಟ್ಟುಕೊಂಡು ನೋಡಲಾಗುವುದಿಲ್ಲ ಎಂದು ನಳಿನಮ್ಮ ಅದನ್ನು ನನಗೆ ಕೊಟ್ಟರು. ನನಗೂ ನೋಡಲಾಗಲಿಲ್ಲ, ಗೋಡೆಗೆ ತಿರುಗಿಸಿಟ್ಟೆ.

ಇವತ್ತು ಒಳಗೆ ತಂದೆ. ಕೇರಂ ಮುಟ್ಟಿಯೇ ಗೊತ್ತಿಲ್ಲದ ಮಗಳು ಎದುರು ಕೂತಳು. ಆಟ ಸಮ ಆಗಲಿ ಎಂದು ಎಡಗೈಯಲ್ಲಿ ಹೊಡೆದೆ. ಸ್ಟ್ರೈಕರ್ ಒಂದು ಕಾಯಿಗೂ ತಾಗದೆ ಅಂಚಿಗೆ ಬಡಿದು ವಾಪಸು ಬಂತು. ಮತ್ತೆ ಹೊಡೆದೆ, ಮತ್ತೆ ಹಾಗೆಯೇ. ನನ್ನಂಥವನಿಗಾಗಿ ಅವರು ಒಬ್ಬರೇ ಕೂತು ಈ ಕೈಯನ್ನು ಎಷ್ಟು ಪಳಗಿಸಿರಬೇಕು ಎನ್ನಿಸಿತು.

“ಯೂಸ್ ಯುವರ್ ರೈಟ್ ಹ್ಯಾಂಡ್, ಅಪ್ಪಾ,” ಎಂದಳು ಮಗಳು.

ನನ್ನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಎತ್ತಲಿಲ್ಲ.